ನಾನು ಮಂಡಿಗೆ ತಂದ ಹಾಡು

ಹೆಣ್ಣನ್ನು ಹೊಗಳುವ ಸಿನಿಮಾ ಹಾಡು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ನೀನು ಬೆಂಕಿ, ನೀನು ಸಿಡಿಲು, ನಿನ್ನನ್ನು ತಡೆಯುವವರು ಇನ್ನೂ ಹುಟ್ಟಿಲ್ಲ ಅಂತ ಯಾರೋ ಏಸಿ ರೂಮಿನಲ್ಲಿ ನಿಂತು ಕಿರುಚುತ್ತಾರೆ. ಮಾರ್ಚ್ ತಿಂಗಳು ಬಂದರಂತೂ ಹಿಂದೂಪುರದ ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ಕಾಲೇಜಿನ ಮೈಕು ಎಲ್ಲ ಕಡೆಯೂ ಅದೇ ಬೊಬ್ಬೆ. ಅಳತೆ ಕೊಟ್ಟು ಬಟ್ಟೆ ಹರಿಸುತ್ತಿದ್ದ ಅಂಗಡಿಯಿಂದ, ಆ ಹಾಡು ಶುರುವಾಯಿತು ಅಂತ ಎದ್ದು ಬಂದವಳು ನಾನು. ಅಂಗಡಿಯವನು ಹಿಂದಿನಿಂದ ಕೂಗುತ್ತಲೇ ಇದ್ದ. ನನ್ನ ಗಂಡ ಇದಕ್ಕೆಲ್ಲ ನಗುತ್ತಾರೆ. "ನಿಮ್ಮನ್ನ ಹೊಗಳುದ್ರೂ ತಪ್ಪಾ?" ಅಂತ ಕೇಳುತ್ತಾರೆ. ಅವರಿಗೆ ಎಲ್ಲ ಗೊತ್ತು. ಗೊತ್ತಿದ್ದೂ ಕೇಳುತ್ತಾರೆ, ಯಾಕೆಂದರೆ ಆ ಹಾಡಿನಿಂದ ಮನೆ ಬಿಟ್ಟವಳು ಅವರ ತಾಯಿ.

ಅವರ ತಾಯಿ ಅಂದರೆ ನನ್ನ ಅತ್ತೆ, ಅದಕ್ಕೂ ಮೊದಲು ನಮ್ಮಪ್ಪನ ಅಕ್ಕ. ಚಿಕ್ಕಂದಿನಲ್ಲಿ "ಬಾರೇ ಅತ್ತೆ" ಅಂತ ಕರೆದ ನಾಲಿಗೆ ಮದುವೆಯಾದ ಮೇಲೂ ಬಹುವಚನಕ್ಕೆ ತಿರುಗಲಿಲ್ಲ. ಪರಿಗಿ ರಸ್ತೆಯ ನಮ್ಮೂರಿನಿಂದ ಬೆಳಿಗ್ಗೆ ಒಂದೇ ಆಟೋದಲ್ಲಿ ಹತ್ತು ಹನ್ನೆರಡು ಹೆಂಗಸರು ಒತ್ತಿಕೊಂಡು ಹಿಂದೂಪುರದ ಹುಣಸೆ ಮಂಡಿಗೆ ಹೋಗುತ್ತಿದ್ದೆವು. ಸಂಕ್ರಾಂತಿ ಕಳೆದರೆ ಕೆಲಸ ಶುರು. ಅತ್ತೆಗೆ ಆಟೋದಲ್ಲಿ ಡ್ರೈವರ್ ಪಕ್ಕದ ಸೀಟು. ಬೇರೆ ಯಾರೂ ಅದರಲ್ಲಿ ಕೂರುತ್ತಿರಲಿಲ್ಲ, ನಾನೂ ಸಹ.

ಹುಣಸೆಹಣ್ಣು ಬಿಡಿಸುವುದು ಸುಲಭದ ಕೆಲಸ ಅಂತ ತಿನ್ನುವವರು ಅಂದುಕೊಂಡಿದ್ದಾರೆ. ಓಡು ಒಡೆದು, ನಾರು ಎಳೆದು, ಹಣ್ಣನ್ನು ಕಲ್ಲಿನ ಮೇಲಿಟ್ಟು ಗೇಣುದ್ದದ ಕಬ್ಬಿಣದ ಸಲಾಕೆಯಿಂದ ಕುಟ್ಟಬೇಕು. ಬೀಜ ಆಚೆ ಹಾರಬೇಕು, ಹಣ್ಣು ಮಾತ್ರ ಜಜ್ಜಿ ಹೋಗಬಾರದು. ಎಡಗೈಯಲ್ಲಿ ಹಣ್ಣು, ಬಲಗೈಯಲ್ಲಿ ಸಲಾಕೆ. ಎರಡರ ನಡುವೆ ಬೆರಳು ಸಿಕ್ಕಿತೋ, ಆ ಗಾಯಕ್ಕೆ ಹುಳಿ ಇಳಿಯುತ್ತದೆ. ಆ ಉರಿ ಏನು ಅಂತ ಬರೆದು ತಿಳಿಸಲು ನನಗೆ ಬರುವುದಿಲ್ಲ.

ಮಂಡಿಯ ಶೆಡ್ಡಿನಲ್ಲಿ ನಾವು ಮೂವತ್ತು ಜನ. ಬಾಗಿಲ ಪಕ್ಕದ ಮೊದಲ ಕಲ್ಲು ಅತ್ತೆಯದು. ಅಲ್ಲಿ ಗಾಳಿ, ಬೆಳಕು ಎರಡೂ ಇತ್ತು. ಅಲ್ಲಿ ಕೂತು ಅವಳು ಪದ ಹೇಳುತ್ತಿದ್ದಳು, ನಾವು ಸೊಲ್ಲು ಹಿಡಿಯುತ್ತಿದ್ದೆವು. ಅಂದರೆ ಪ್ರತಿ ಸಾಲಿನ ಕೊನೆಯ ಮಾತನ್ನು ಎಲ್ಲರೂ ಸೇರಿ ತಿರುಗಿ ಹಾಡುವುದು. ಸಲಾಕೆ ಬೀಳುತ್ತಿದ್ದುದು ಆ ಪದದ ತಾಳಕ್ಕೆ. ಸೊಲ್ಲು ಮುಗಿದಾಗ ಒಂದು ಉಸಿರಿನಷ್ಟು ಹೊತ್ತು ಕೈ ನಿಲ್ಲುತ್ತಿತ್ತು. ಅಷ್ಟರಲ್ಲಿ ಬೀಜ ಸರಿಸಿ, ಹಣ್ಣು ತಿರುವಿಡಬೇಕು. ಇದನ್ನು ಯಾರಿಗೂ ಯಾರೂ ಕಲಿಸಲಿಲ್ಲ. ಹೊಸದಾಗಿ ಬಂದವಳ ಕೈಯೂ ಒಂದು ವಾರಕ್ಕೆ ತಾನಾಗಿ ತಾಳಕ್ಕೆ ಬೀಳುತ್ತಿತ್ತು, ಆಮೇಲೆ ಬಿಡು ಅಂದರೂ ಬಿಡುತ್ತಿರಲಿಲ್ಲ.

ಪದ ಹೇಳುವವಳ ಜಾಣತನ ಇದ್ದದ್ದು ಗಂಟಲಿನಲ್ಲಲ್ಲ. ಸಾಲಿನಲ್ಲಿ ಒಬ್ಬಳು ಬಸುರಿ ಇದ್ದರೆ ಅತ್ತೆ ಪದವನ್ನು ಎಳೆದು ಎಳೆದು ಹೇಳುತ್ತಿದ್ದಳು. ಯಾರಿಗಾದರೂ ಹೊಟ್ಟೆನೋವು ಬಂದ ದಿನ ಸೊಲ್ಲನ್ನು ಎರಡು ಸಲ ಹಾಡಿಸುತ್ತಿದ್ದಳು, ಕೈಗೆ ಇನ್ನೊಂದು ಗಳಿಗೆ ಬಿಡುವು ಸಿಗಲಿ ಅಂತ. ಸಾಹುಕಾರ ಒಳಗೆ ಕಾಲಿಟ್ಟರೆ ಪದ ಚುರುಕಾಗುತ್ತಿತ್ತು, ಅವನ ಬೆನ್ನು ಕಂಡ ಕೂಡಲೇ ಇಳಿಯುತ್ತಿತ್ತು. ಅವನಿಗೆ ಎಷ್ಟು ವರ್ಷವಾದರೂ ಇದು ತಿಳಿಯಲಿಲ್ಲ. ದಿನಕ್ಕೆ ಒಬ್ಬೊಬ್ಬರಿಗೆ ನಾಲ್ಕು ಬುಟ್ಟಿ ಹಣ್ಣು ಅಂತ ನಡೆದುಬಂದಿತ್ತು, ಮುದುಕಿಯರೂ ಮುಗಿಸುತ್ತಿದ್ದರು, ಹುಡುಗಿಯರೂ ಮುಗಿಸುತ್ತಿದ್ದರು. ಅತ್ತೆ ತನ್ನ ಕೂಲಿ ತಾನು ಇಟ್ಟುಕೊಳ್ಳುತ್ತಿದ್ದಳು. ಎಲೆ ಅಡಿಕೆಗೂ ಮಗನ ಮುಂದೆ ಕೈ ಚಾಚಿದವಳಲ್ಲ.

ಇದನ್ನೆಲ್ಲ ಈಗ ಬರೆಯುತ್ತಿದ್ದೇನೆ. ಆಗ ನನ್ನ ಕಣ್ಣಿಗೆ ಕಂಡದ್ದು ಬಾಯಿ ತುಂಬ ಎಲೆ ಜಗಿಯುವ ಒಬ್ಬ ಜಬರ್ದಸ್ತಿ ಮುದುಕಿ. ನಾನು ಇಂಟರ್, ಅಂದರೆ ಪಿಯುಸಿ ಓದಿದವಳು, ಮಂಡಿಯಲ್ಲಿ ಪೇಪರ್ ಓದಬಲ್ಲ ಇಬ್ಬರಲ್ಲಿ ಒಬ್ಬಳು. ಅವಳ ಪದಗಳೋ, ಸೊಸೆ ತಲೆ ಎತ್ತಬಾರದು, ಹಾಲು ಉಕ್ಕಿಸಬಾರದು, ತವರಿನ ಕಡೆ ತಿರುಗಿ ನೋಡಬಾರದು ಅಂತಲೇ ಹೋಗುತ್ತಿದ್ದವು. ಹಾಲು ಉಕ್ಕಿಸುವ ಸಾಲು ಬಂದಾಗ ಅತ್ತೆ ಬೇಕಂತಲೇ ನನ್ನ ಕಡೆ ನೋಡುತ್ತಿದ್ದಳು. ಮೂವತ್ತು ಜನ ನಗುತ್ತಿದ್ದರು. ನಾನೂ ಸೊಲ್ಲು ಹಿಡಿಯಬೇಕು, ನನ್ನನ್ನೇ ಆಡಿಕೊಳ್ಳುವ ಪದಕ್ಕೆ! ಹಲ್ಲು ಕಚ್ಚಿಕೊಂಡು ಹಿಡಿಯುತ್ತಿದ್ದೆ. ಅವಳ ಬಾಯಿ ಮುಚ್ಚಿಸಬೇಕು ಅನ್ನುವ ಆಸೆ ನನಗೆ ಹಾಲು ಉಕ್ಕಿಸಿದ ಯಾವುದೋ ಬೆಳಿಗ್ಗೆಯಿಂದಲೇ ಇತ್ತು.

ಆ ವರ್ಷ ಒಂದು ತೆಲುಗು ಸಿನಿಮಾದ ಹಾಡು ಎಲ್ಲರ ಫೋನಿನಲ್ಲೂ ಇತ್ತು. ಅರ್ಧ ತೆಲುಗು, ಅರ್ಧ ಇಂಗ್ಲಿಷು, ಮಧ್ಯೆ ಮಧ್ಯೆ ಬರೀ ಕೂಗು. ಹೆಣ್ಣೇ, ನೀನು ಬೆಂಕಿ, ಎದ್ದೇಳು ಅನ್ನುವ ಥರದ್ದು. ಸಿನಿಮಾದಲ್ಲಿ ನಾಯಕಿ ಈ ಹಾಡು ಮುಗಿಸಿದ ಹತ್ತು ನಿಮಿಷಕ್ಕೆ ರೌಡಿಗಳ ಕೈಗೆ ಸಿಕ್ಕು ಅಳುತ್ತಾಳೆ, ನಾಯಕ ಬಂದು ಬಿಡಿಸಿಕೊಂಡು ಹೋಗುತ್ತಾನೆ. ಅದು ನನಗೆ ಆಗ ವಿಚಿತ್ರ ಅನ್ನಿಸಲಿಲ್ಲ. ಹಾಡು ಕೇಳಿದರೆ ಬೆನ್ನು ನೆಟ್ಟಗಾಗುತ್ತಿತ್ತು, ಅಷ್ಟು ಸಾಕಾಗಿತ್ತು ನನಗೆ.

ಒಂದು ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಕಲ್ಲಿನ ಮುಂದೆ ಕೂತಾಗ, ಅತ್ತೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಾನು ಫೋನು ತೆಗೆದೆ.

"ಅತ್ತೆ, ದಿನಾ ಅದೇ ಗೋಳು ಯಾಕೆ? ಇವತ್ತು ನಂದು ಕೇಳು" ಅಂದೆ. ಫೋನನ್ನು ಖಾಲಿ ಸ್ಟೀಲ್ ಬೋಸಿಯೊಳಗೆ ಇಟ್ಟೆ, ಸದ್ದು ದೊಡ್ಡದಾಗಲಿ ಅಂತ.

"ನಿಂದೇ ಆಗ್ಲಿ ಕಣವ್ವ" ಅಂದಳು ಅತ್ತೆ, ಬಾಯಿಯ ಎಲೆ ಉಗಿದು. ಅಷ್ಟೇ. ಜಗಳವಾಡಿದ್ದರೆ ಚೆನ್ನಾಗಿತ್ತು.

ಹುಡುಗಿಯರು ಕಿಲಕಿಲ ನಕ್ಕರು. ಆಮೇಲೆ ನಡೆದದ್ದು ನಾನು ಎಣಿಸದೇ ಇದ್ದದ್ದು. ತಾಳಕ್ಕೆ ಬೀಳುವುದೊಂದೇ ಗೊತ್ತಿದ್ದ ಕೈಗಳು ಆ ಹಾಡಿನ ತಾಳಕ್ಕೂ ಬಿದ್ದವು. ಅತ್ತೆಯ ಪದದಲ್ಲಿ ಒಂದು ಏಟು ಬೀಳುವ ಜಾಗದಲ್ಲಿ ಎರಡು ಬೀಳತೊಡಗಿತು. ಸೊಲ್ಲಿನ ಕೊನೆಯ ಬಿಡುವು ಆ ಹಾಡಿನಲ್ಲಿ ಇರಲೇ ಇಲ್ಲ. ಸಂಜೆ ನಾಲ್ಕು ಗಂಟೆಯೊಳಗೆ ನಾಲ್ಕನೇ ಬುಟ್ಟಿ ಮುಗಿಯಿತು. ಬಿಸಿಲು ಇರುವಾಗಲೇ ಆಟೋ ಹತ್ತಿದೆವು. ಎಲ್ಲರೂ ನನ್ನ ಕೆನ್ನೆ ಹಿಂಡಿದರು. ಡ್ರೈವರ್ ಪಕ್ಕದಲ್ಲಿ ಕೂತಿದ್ದ ಅತ್ತೆ ದಾರಿಯುದ್ದಕ್ಕೂ ಎಡಗೈಯ ಬೆರಳುಗಳನ್ನು ಒತ್ತಿಕೊಳ್ಳುತ್ತಿದ್ದಳು. ನಾನು ಅದನ್ನು ನೋಡಿದೆ, ಗೆದ್ದೆ ಅಂದುಕೊಂಡೆ.

ಸಾಹುಕಾರ ಮೂರನೇ ದಿನ ಬಂದು ಬಾಗಿಲಲ್ಲಿ ನಿಂತ. "ಈ ಪಾಟ ಎವರು ಪೆಟ್ಟಿನಾರಮ್ಮಾ?" ಅಂತ ಕೇಳಿದ. ಈ ಹಾಡು ಹಾಕಿದ್ದು ಯಾರು ಅಂತ. ಎಲ್ಲರೂ ನನ್ನನ್ನು ತೋರಿಸಿದರು. ಬೈಯುತ್ತಾನೆ ಅಂತ ಎದ್ದು ನಿಂತೆ. ಅವನು ಕೈ ಜೋಡಿಸಿ ನಕ್ಕ. "ಚಾಲಾ ಬಾಗುಂದಮ್ಮಾ, ಭಾಳ ಚೆನ್ನಾಗಿದೆ. ಹೆಂಗಸರು ಇಂಥಾದ್ದು ಕೇಳ್ಬೇಕು. ನಾನೇ ಸ್ಪೀಕರ್ ತಂದು ಹಾಕ್ತೀನಿ" ಅಂದ.

ತಂದ. ಸೂಟ್‌ಕೇಸಿನಷ್ಟು ದೊಡ್ಡದು. ಜಂತಿಗೆ ತಂತಿ ಕಟ್ಟಿ, ನಮ್ಮ ತಲೆಯ ಮೇಲೆಯೇ ತೂಗುಹಾಕಿದ. ಪೆನ್ ಡ್ರೈವಿನಲ್ಲಿ ಆ ಹಾಡು, ಅದರ ಅಕ್ಕತಂಗಿಯರಂಥ ಇನ್ನೂ ನಾಲ್ಕು ಹಾಡು, ಮುಗಿದರೆ ಮತ್ತೆ ಮೊದಲಿನಿಂದ. ಮುಂದಿನ ವಾರ ಬುಟ್ಟಿ ನಾಲ್ಕಿದ್ದದ್ದು ಆರಾಯಿತು. ಕೂಲಿ ಅದೇ. "ನಾಲ್ಕು ಗಂಟೆಗೇ ಮುಗಿಸಿ ಹೋಗ್ತಿದ್ರಲ್ಲಮ್ಮ, ಉಳಿದ ಹೊತ್ತು ನಂದಲ್ವಾ?" ಅಂದ ಸಾಹುಕಾರ. ಆರು ಬುಟ್ಟಿ ಆಗದಿದ್ದವರನ್ನು ಮಾರನೆಯ ದಿನ ಆಟೋಗೆ ಹತ್ತಿಸಬೇಡ ಅಂತ ಡ್ರೈವರಿಗೆ ಹೇಳಿಬಿಟ್ಟ.

ಸ್ಪೀಕರ್ ನಿಲ್ಲಿಸಿ ಅಂತ ನಾನು ಕೇಳಲಿಲ್ಲ ಅಂತಲ್ಲ. ಕೇಳಿದೆ, ಒಂದೇ ಸಲ. ಅದೂ ಹೆದರುತ್ತಾ. "ನೀನೇ ತಂದು ನೀನೇ ಬೇಡ ಅಂದ್ರೆ ಹೆಂಗಮ್ಮ?" ಅಂತ ನಕ್ಕುಬಿಟ್ಟ. ಅತ್ತೆಗೆ ಪದ ಹೇಳು ಅಂತ ಹೇಳಿದವರೂ ಇದ್ದರು. ಅವಳು ಒಂದು ಸಲ ಬಾಯಿ ತೆರೆದಳು. ತಲೆಯ ಮೇಲೆ ಆ ರಾಕ್ಷಸ ಕಿರುಚುತ್ತಿರುವಾಗ ಅವಳ ದನಿ ಪಕ್ಕದ ಕಲ್ಲಿಗೂ ಕೇಳಲಿಲ್ಲ. ಬಾಯಿ ಮುಚ್ಚಿಕೊಂಡು ಸಲಾಕೆ ಎತ್ತಿಕೊಂಡಳು. ಎದ್ದೇಳು, ಎದ್ದೇಳು ಅಂತ ಹಾಡು ಕೂಗುತ್ತಿತ್ತು, ಮೂತ್ರಕ್ಕೆ ಏಳಲೂ ನಮಗೆ ಪುರುಸೊತ್ತು ಇರಲಿಲ್ಲ.

ಮಹಿಳಾ ದಿನ ಬಂತು. ಮಂಡಿಯ ಮುಂದೆ ಫ್ಲೆಕ್ಸು, ಅದರಲ್ಲಿ ಸಾಹುಕಾರನ ಮುಖ ಆಳೆತ್ತರ, ಕೆಳಗೆ ನಮ್ಮೆಲ್ಲರದು ಸೇರಿ ಒಂದು ಗೇಣು. ಕೇಕು ಕತ್ತರಿಸಿದರು. ಶಾಲು ಹೊದಿಸಿದರು. ಆಗಲೂ ಅದೇ ಹಾಡು. ಸಾಹುಕಾರ ಮೈಕಿನಲ್ಲಿ ನನ್ನನ್ನು ಕರೆದ. ಓದಿದ ಹೆಣ್ಣುಮಗಳು, ನಮ್ಮ ಮಂಡಿಗೆ ಚೈತನ್ಯ ತಂದವಳು, ಇವತ್ತಿನಿಂದ ಈಕೆಯೇ ಲೀಡರ್ ಅಂತ ಹೇಳಿ ನನ್ನ ಕೊರಳಿಗೆ ಕಾರ್ಡು ಹಾಕಿದ. ಬುಟ್ಟಿ ಎಣಿಸುವುದು ನನ್ನ ಕೆಲಸ ಅಂತಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಖುಷಿಯಾಯಿತು, ಇದನ್ನು ಮುಚ್ಚಿಡುವುದಿಲ್ಲ. ಬಹಳ ಖುಷಿಯಾಯಿತು. ಬಾಗಿಲ ಪಕ್ಕದಿಂದ ಬುಟ್ಟಿಗಳೆಲ್ಲ ಚೆನ್ನಾಗಿ ಕಾಣುತ್ತವೆ ಅಂತ ಸಾಹುಕಾರ ಹೇಳಿದ. ಅತ್ತೆ ತನ್ನ ಸಲಾಕೆ, ಚೀಲ ತೆಗೆದುಕೊಂಡು ಗೋಡೆಯ ಕಡೆಗೆ ಸರಿದಳು. ನಾನು ಮೊದಲ ಕಲ್ಲಿನ ಮುಂದೆ ಕೂತೆ.

ಗೋಡೆಯ ಕಡೆ ಕತ್ತಲು. ಅವಳ ಕಣ್ಣು ಮೊದಲೇ ಮಂಜು. ಆರು ಬುಟ್ಟಿಯಲ್ಲಿ ನಾಲ್ಕೂವರೆ, ಐದು, ಅದರಾಚೆ ಆಗುತ್ತಿರಲಿಲ್ಲ. ಪಕ್ಕದವರು ತಮ್ಮ ಬುಟ್ಟಿಯಿಂದ ಹಿಡಿ ಹಿಡಿ ತೆಗೆದು ಅವಳದಕ್ಕೆ ಹಾಕುತ್ತಿದ್ದರು. ನಾನು ನೋಡಿಯೂ ನೋಡದವಳಂತೆ ಇದ್ದೆ, ಅದನ್ನೇ ದೊಡ್ಡ ಉಪಕಾರ ಅಂದುಕೊಂಡಿದ್ದೆ. ಒಂದು ದಿನ ಆ ಹಾಡಿನಲ್ಲಿ ಕೂಗು ಬರುವ ಜಾಗದಲ್ಲಿ, ಎಲ್ಲರ ಕೈಯೂ ಕುರುಡಾಗಿ ಓಡುತ್ತಿದ್ದಾಗ, ಅತ್ತೆ ತನ್ನ ಎಡಗೈಯ ತೋರುಬೆರಳನ್ನೇ ಕುಟ್ಟಿಕೊಂಡಳು. ಉಗುರು ಎದ್ದು ಬಂತು. ಅವಳು ಕಿರುಚಿದ್ದು ಹಾಡಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಹಣ್ಣು ಕೆಂಪಾದದ್ದನ್ನು ನೋಡಿ ಪಕ್ಕದವಳು ಎದ್ದಳು.

ಆ ಸಂಜೆ ಸಾಹುಕಾರ ನನ್ನನ್ನು ಕರೆದ. "ನಿಮ್ಮತ್ತೇನ ನಾಳೆಯಿಂದ ಬರಬೇಡ ಅನ್ನಮ್ಮ. ವಯಸ್ಸಾಯ್ತು, ಪಾಪ. ನಾನು ಹೇಳಿದ್ರೆ ಚೆನ್ನಾಗಿರಲ್ಲ, ಹೆಂಗಸರ ವಿಷಯ ಹೆಂಗಸರೇ ನೋಡ್ಕೊಂಡ್ರೆ ಚೆಂದ" ಅಂದ. ಕೊರಳಲ್ಲಿ ಕಾರ್ಡಿತ್ತು. ನಾನು ಹೂಂ ಅಂದೆ.

ಮನೆಗೆ ಬಂದಾಗ ಅತ್ತೆ ಹಿತ್ತಲಿನಲ್ಲಿ ಬೆರಳಿಗೆ ಅರಿಶಿನ ಕಟ್ಟಿಕೊಳ್ಳುತ್ತಿದ್ದಳು. ಬಟ್ಟೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ನಾನು ಕಟ್ಟಿಕೊಡಲು ಹೋಗಲಿಲ್ಲ.

"ಅತ್ತೆ, ಸ್ವಲ್ಪ ದಿನ ಮನೇಲಿರು ಅಂತ ಸಾವ್ಕಾರ್ರು ಹೇಳವ್ರೆ" ಅಂದೆ.

ಅವಳು ಬಟ್ಟೆಯ ತುದಿ ಬಿಟ್ಟಳು. "ಸಾವ್ಕಾರ ಹೇಳಿದ್ದು ಇರ್ಲಿ. ನೀನೇನ್ ಹೇಳ್ತೀಯ?"

"ನಾನೇನ್ ಹೇಳ್ಲಿ? ಬುಟ್ಟಿ ಮುಗೀತಿಲ್ವಲ್ಲ ನಿಂಗೆ."

ಈ ಮಾತು ನನ್ನ ಬಾಯಿಂದಲೇ ಬಂದದ್ದು. ಸಾಹುಕಾರ ಹೇಳಿಕೊಟ್ಟದ್ದಲ್ಲ, ಹಾಡು ಬರೆದವನು ಬರೆದುಕೊಟ್ಟದ್ದೂ ಅಲ್ಲ. ಅತ್ತೆ ನನ್ನ ಕೊರಳಿನ ಕಾರ್ಡನ್ನು ನೋಡಿದಳು, ಮುಖ ನೋಡಲಿಲ್ಲ. ಎರಡು ದಿನ ಬಿಟ್ಟು ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಕಲ್ಯಾಣದುರ್ಗದ ಮಗಳ ಮನೆಗೆ ಹೊರಟಳು. ಬಸ್ ಸ್ಟ್ಯಾಂಡಿಗೆ ಬಿಡಲು ಹೋದ ಮಗ ವಾಪಸು ಬಂದು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ "ಸಾರಿಗೆ ಉಪ್ಪು ಕಮ್ಮಿ" ಅಂದರು.

ಯುಗಾದಿ ಕಳೆದು ತಿಂಗಳಾಯಿತು. ಅವಳು ಬರಲಿಲ್ಲ. ಹಬ್ಬಕ್ಕೂ ಬರಲಿಲ್ಲ. ಊರಿನ ಹೆಂಗಸರು ಆಟೋದಲ್ಲಿ ನನ್ನ ಪಕ್ಕ ಕೂರುವುದನ್ನು ಬಿಟ್ಟರು. ನಾನು ಬಂದರೆ ಮಾತು ನಿಲ್ಲಿಸುತ್ತಿದ್ದರು. ಡ್ರೈವರ್ ಪಕ್ಕದ ಸೀಟು ಖಾಲಿ ಇದ್ದರೂ ಯಾರೂ ಕೂರುತ್ತಿರಲಿಲ್ಲ. ಕೊನೆಗೆ ಒಂದು ಭಾನುವಾರ ನಾನೇ ಬಸ್ಸು ಹತ್ತಿದೆ. ಬಸ್ಸಿನಲ್ಲೂ ಆ ಹಾಡು! ಕಂಡಕ್ಟರನ ಜೊತೆ ಜಗಳವಾಡಿ ನಿಲ್ಲಿಸಿದೆ. ಮುಂದಿನ ಸೀಟಿನ ಕಾಲೇಜು ಹುಡುಗಿ ನನ್ನನ್ನು ಹಳೇ ಕಾಲದವಳು ಅನ್ನುವಂತೆ ತಿರುಗಿ ನೋಡಿದಳು. ಅವಳ ಮೂತಿಗೆ ಎರಡು ಬಿಡಬೇಕು ಅನ್ನಿಸಿತು.

ಕಲ್ಯಾಣದುರ್ಗದಲ್ಲಿ ನನ್ನ ನಾದಿನಿಯ ಮನೆ ಬಸ್ ಸ್ಟ್ಯಾಂಡಿನಿಂದ ನಡೆಯುವಷ್ಟು ದೂರ. ಜಗುಲಿಯ ಮೇಲೆ ಅತ್ತೆ, ಬೀದಿಯ ನಾಲ್ಕು ಹೆಂಗಸರ ಜೊತೆ, ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದಳು. ಉಗುರಿಲ್ಲದ ಬೆರಳು ಮಡಚಲು ಬರದೆ ನೆಟ್ಟಗೆ ನಿಂತಿತ್ತು. ಉಳಿದವರ ಮೊರದಲ್ಲಿ ಅರ್ಧ ತುಂಬಿದ್ದರೆ ಅವಳದರಲ್ಲಿ ತಳ ಕಾಣುತ್ತಿತ್ತು. ಬಾಯಿಯಲ್ಲಿ ಎಲೆ ಇರಲಿಲ್ಲ. ನಾನು ಕೊಂಡುಹೋಗಿದ್ದ ಎಲೆ ಅಡಿಕೆಯ ಪೊಟ್ಟಣ ಮುಂದಿಟ್ಟೆ.

"ಬಿಟ್ಬುಟ್ಟೆ. ಅಳಿಯನ ಮನೇಲಿ ಎಲೆ ಅಡಿಕೆ ಕೇಳಾಕಾಯ್ತದಾ?" ಅಂದಳು. ಪೊಟ್ಟಣ ಮುಟ್ಟಲಿಲ್ಲ. ಯಾರೂ ಪದ ಹೇಳುತ್ತಿರಲಿಲ್ಲ. ಇವರಿಗೆ ನೀನು ಪದ ಹೇಳಿಕೊಡಲಿಲ್ಲವಾ ಅಂತ ಕೇಳುವಷ್ಟು ಧೈರ್ಯ ನನಗೆ ಬರಲಿಲ್ಲ.

ನಾನೂ ಒಂದು ಹಿಡಿ ಕಾಯಿ ಎಳೆದುಕೊಂಡು ಸುಲಿಯತೊಡಗಿದೆ. ತಪ್ಪಾಯಿತು ಅಂದೆ. ಊರಿಗೆ ಬಾ, ಸಾಹುಕಾರನಿಗೆ ಹೇಳುತ್ತೇನೆ, ನಿನಗೆ ನಾಲ್ಕೇ ಬುಟ್ಟಿ ಅಂತ ಮಾಡಿಸುತ್ತೇನೆ, ಬೆಳಕಿರುವ ಕಡೆ ಕೂರುವಂತೆ ಅಂದೆ. ಮಾತಾಡುತ್ತಾ ಹೋದಂತೆ ನನ್ನ ದನಿ ಸಾಹುಕಾರನ ದನಿಯ ಥರವೇ ಕೇಳಿಸುತ್ತಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅತ್ತೆ ಪೂರ್ತಿ ಕೇಳಿಸಿಕೊಂಡಳು. ಕೈ ನಿಲ್ಲಿಸಲಿಲ್ಲ.

"ಆ ಹಾಡಲ್ಲಿ ಅದೇನ್ ಹೇಳ್ತಾರೆ?" ಅಂದಳು.

"ಯಾವ ಹಾಡು?"

"ನೀನು ತಂದಿದ್ದು. ಅಷ್ಟು ದಿನ ಅದ್ರಡಿಗೆ ಕುಟ್ಟಿದೀನಿ, ಒಂದು ಮಾತೂ ಬುದ್ಧಿಗೆ ಹತ್ತಲಿಲ್ಲ. ಬರೀ ಕೂಗು. ಓದಿದೋಳು ನೀನು, ಹೇಳು."

ಬೀದಿಯ ನಾಲ್ವರು ಹೆಂಗಸರೂ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿ ಹೇಳಿದೆ. "ಹೆಣ್ಣೇ, ನೀನು ಬೆಂಕಿ ಅಂತಾರೆ."

"ಹೂಂ."

"ಎದ್ದೇಳು, ಜಗತ್ತೇ ನಿಂದು ಅಂತಾರೆ."

"ಹೂಂ. ಆಮೇಲೆ?"

"ನಿನ್ನ ತಡೆಯೋರು ಯಾರೂ ಇಲ್ಲ ಅಂತಾರೆ."

ಅತ್ತೆಯ ಕೈ ಆಗ ನಿಂತಿತು. ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿ, ಆ ನೆಟ್ಟಗಿನ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಮೊದಲ ಸಲ ನನ್ನ ಮುಖವನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಇದ್ದಿದ್ದರೆ ನಾನು ಕಾಲು ಹಿಡಿದುಕೊಂಡು ಅತ್ತು ಹಗುರಾಗುತ್ತಿದ್ದೆ.

"ಅದನ್ನ ಯಾರಿಗೆ ಹೇಳ್ತಾರೆ?"

"ಹೆಂಗಸ್ರಿಗೆ."

"ಹಂಗಾದ್ರೆ ನಾನ್ಯಾರೇ?" ಅಂದಳು.

ನಾದಿನಿ ಒಳಗಿನಿಂದ ನೀರು ತಂದು ನನ್ನ ಪಕ್ಕ ಇಟ್ಟಳು. ಅತ್ತೆ ನನ್ನ ಮುಂದಿದ್ದ ಕಾಯಿಗಳನ್ನು ಒಂದೊಂದಾಗಿ ತನ್ನ ಕಡೆಗೆ ಎಳೆದುಕೊಂಡಳು. "ನಿಂಗೆ ಬಸ್ಸಿಗೆ ಹೊತ್ತಾಯ್ತದೆ, ಹೋಗು" ಅಂದಳು.

ನಾನು ಎದ್ದೆ. ತಡೆಯುವವರು ಯಾರೂ ಇರಲಿಲ್ಲ.